ಮೊದಲು ತಿಥಿ, ಆಮೇಲೆ ಊರು



ರಜೆ ಹತ್ತಿರ ಬಂತೆಂದರೆ ಮುಂಬಯಿಯ ಹೊರವಲಯದ ನಮ್ಮ ಅಂಬರನಾಥ, ಬದಲಾಪುರ, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಏಳುತ್ತಿದೆ. ಮಹಾಬಳೇಶ್ವರ ನೋಡಿಯಾಯಿತು, ಗೋವಾ ನೋಡಿಯಾಯಿತು. ಈ ಸಲ ಕತ್ತಲೆ ಇರುವ ಕಡೆ ಹೋಗಿ ಮಕ್ಕಳಿಗೆ ನಕ್ಷತ್ರ ತೋರಿಸೋಣ, ಎಲ್ಲಿಗೆ ಹೋಗೋದು ಒಳ್ಳೇದು, ಕಾಕಾ? ನನಗೆ ಆಕಾಶದ ಹುಚ್ಚು ಇರುವುದು ಗೊತ್ತಿರುವವರು ಹೀಗೆ ಕೇಳುತ್ತಾರೆ. ಯಾವತ್ತು ಹೋಗುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. "ಅದನ್ನ ಆಮೇಲೆ ನೋಡೋಣ, ಮೊದಲು ಊರು ಹೇಳಿ" ಎಂಬ ಉತ್ತರ ಬರುತ್ತದೆ. ಲೆಕ್ಕ ತಪ್ಪುವುದು ಇಲ್ಲಿಯೇ. ಹುಣ್ಣಿಮೆಗೆ ಲಡಾಖ್ ಮುಟ್ಟಿದವರಿಗಿಂತ ಅಮಾವಾಸ್ಯೆಗೆ ಇಲ್ಲೇ ಪಕ್ಕದ ಮುರಬಾಡ ದಾಟಿದವರು ಹೆಚ್ಚು ನಕ್ಷತ್ರ ನೋಡಿ ಬರುತ್ತಾರೆ. ಮೊದಲು ತಿಥಿ, ಆಮೇಲೆ ಋತು, ಆಮೇಲೆ ದಿಕ್ಕು, ಕೊನೆಗೆ ಊರು. ಇವತ್ತು ಈ ನಾಲ್ಕನ್ನು ಇದೇ ಕ್ರಮದಲ್ಲಿ ನೋಡೋಣ.

ಅದಕ್ಕೆ ಮುಂಚೆ, ನಾವು ಯಾವ ಆಕಾಶವನ್ನು ಬಿಟ್ಟು ಹೊರಡುತ್ತಿದ್ದೇವೆ ಎಂಬುದು ತಿಳಿದಿರಲಿ. 2001ರಲ್ಲಿ ಜಾನ್ ಬಾರ್ಟಲ್ ಎಂಬ ಅಮೆರಿಕದ ಹವ್ಯಾಸಿ ವೀಕ್ಷಕರು ಆಕಾಶದ ಕತ್ತಲೆಯನ್ನು ಒಂಬತ್ತು ದರ್ಜೆಯಾಗಿ ವಿಂಗಡಿಸಿದರು. ಒಂದನೆಯದು ನಿಜವಾದ ಕಗ್ಗತ್ತಲೆ, ಒಂಬತ್ತನೆಯದು ಮಹಾನಗರದ ನಡುಮಧ್ಯ. ನಮ್ಮ ಕಡೆಯ ಆಕಾಶ ಕೊನೆಯ ಒಂದೆರಡು ದರ್ಜೆಗೆ ಸೇರಿದ್ದು. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ ಆರನೆಯ ಕಾಂತಿಮಾನದ ಮಂಕು ನಕ್ಷತ್ರದವರೆಗೂ ಕಾಣುತ್ತದೆ. ನಮ್ಮ ತಾರಸಿಯಿಂದ ಮೂರನೆಯದು ಕಂಡರೆ ಅದೇ ಪುಣ್ಯ. ಬೀದಿದೀಪ, ಕಾರ್ಖಾನೆ, ಅಂಗಡಿ ಬೋರ್ಡುಗಳಿಂದ ಮೇಲಕ್ಕೂ ಪಕ್ಕಕ್ಕೂ ಚೆಲ್ಲಿದ ಬೆಳಕು ಗಾಳಿಯಲ್ಲಿರುವ ಧೂಳು, ತೇವಕ್ಕೆ ತಾಗಿ ಚದುರುತ್ತದೆ, ಊರಿನ ನೆತ್ತಿಯ ಮೇಲೆ ಗುಮ್ಮಟದಂತೆ ನಿಲ್ಲುತ್ತದೆ. ನೀಲಿ ಬೆಳಕು ಹೆಚ್ಚು ಚದುರುವುದರಿಂದ ಹಳೆಯ ಹಳದಿ ಸೋಡಿಯಂ ದೀಪಕ್ಕಿಂತ ಈಗಿನ ಬಿಳಿ ಎಲ್‌ಇಡಿ ಆಕಾಶವನ್ನು ಹೆಚ್ಚು ಕೆಡಿಸುತ್ತದೆ.

ಈ ಸೀಮೆ ಯಾವಾಗಲೂ ಹೀಗಿರಲಿಲ್ಲ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಿಂದ ಬಂದ 32 ಸಣ್ಣ ಡಿಶ್‌ಗಳನ್ನು ಕಲ್ಯಾಣದ ಬಳಿ ಸಾಲಾಗಿ ನಿಲ್ಲಿಸಿ ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದರು. ನಮ್ಮ ದೇಶದ ರೇಡಿಯೋ ಖಗೋಳ ವಿಜ್ಞಾನದ ಆರಂಭದ ಹೆಜ್ಜೆಗಳಲ್ಲಿ ಅದೂ ಒಂದು. ಅದೇ ಗುಂಪು ಮುಂದೆ ಊಟಿಗೆ, ಅಲ್ಲಿಂದ ಜುನ್ನರಿನ ಖೋಡದ್ ಗ್ರಾಮಕ್ಕೆ ಹೋಯಿತು. ಖೋಡದ್ ಮತ್ತು ಅದರ ಸುತ್ತಮುತ್ತ ಈಗ ತಲಾ 45 ಮೀಟರ್ ಅಗಲದ 30 ಡಿಶ್‌ಗಳಿವೆ. ಕಲ್ಯಾಣದಂಥ ಕಲ್ಯಾಣದ ಬಳಿ ಒಂದು ಕಾಲಕ್ಕೆ ರೇಡಿಯೋ ದೂರದರ್ಶಕ ಇಡುವಷ್ಟು ಸದ್ದಡಗಿದ ಬಯಲಿತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ.

ಸರಿ, ಮೊದಲು ತಿಥಿ. ಚಂದ್ರನಿದ್ದರೆ ಮಿಕ್ಕ ಲೆಕ್ಕವೆಲ್ಲ ದಂಡ. ಪಂಚಾಂಗ ನೋಡಲು ಬಲ್ಲವರಿಗೆ ಇದು ನೀರು ಕುಡಿದಷ್ಟು ಸುಲಭ. ಹುಣ್ಣಿಮೆ ಕಳೆದ ಮೇಲೆ ಚಂದ್ರೋದಯ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ಮೂಡುವುದು ನಡುರಾತ್ರಿಗೆ. ಅಂದರೆ ಊಟ ಮುಗಿಸಿ ಮಕ್ಕಳು ಮಲಗುವವರೆಗಿನ ಸಮಯ ಪೂರ್ತಿ ಕತ್ತಲೆ. ಅಲ್ಲಿಂದ ಅಮಾವಾಸ್ಯೆಯವರೆಗೆ ದಿನದಿನಕ್ಕೂ ಲಾಭ. ಅಮಾವಾಸ್ಯೆಯ ನಂತರ ಶುಕ್ಲ ಚೌತಿ, ಪಂಚಮಿಯವರೆಗೂ ಚಂದ್ರ ಬೇಗ ಮುಳುಗುತ್ತಾನೆ, ಹತ್ತು ಗಂಟೆಯ ಮೇಲೆ ಆಕಾಶ ನಿಮ್ಮದು. ಒಟ್ಟಿನಲ್ಲಿ ತಿಂಗಳಿಗೆ ಹನ್ನೆರಡು-ಹದಿಮೂರು ರಾತ್ರಿ ಸಿಗುತ್ತವೆ. ಅದರಲ್ಲಿ ಎರಡು ಶನಿವಾರಗಳಾದರೂ ಬಿದ್ದೇ ಬೀಳುವ ತಿಂಗಳುಗಳು ಬೇಕಷ್ಟಿವೆ.

ಇಲ್ಲಿ ಮನೆಯ ಹಿರಿಯರದೊಂದು ಆಕ್ಷೇಪ ಬರುತ್ತದೆ: ಅಮಾವಾಸ್ಯೆ ದಿನ ಪ್ರಯಾಣ ಬೇಡ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ. ದ್ವಾದಶಿಗೋ ತ್ರಯೋದಶಿಗೋ ಹೊರಟು ಅಮಾವಾಸ್ಯೆಯ ದಿನ ಹೋದಲ್ಲೇ ಇದ್ದು, ಪಾಡ್ಯ ಕಳೆದು ವಾಪಸು ಬಂದರಾಯಿತು. ಹಿರಿಯರ ಮಾತೂ ಉಳಿಯಿತು, ನಮ್ಮ ಕೆಲಸವೂ ಆಯಿತು. ಅಮಾವಾಸ್ಯೆಗೆ ಹೊರಡಲು ಹಿಂಜರಿಯುವವರು ಬಹಳ ಮಂದಿ ಇರುವುದರಿಂದ ಕೋಣೆ ಸಿಗುವುದೂ ಸ್ವಲ್ಪ ಸುಲಭ.

ನಮ್ಮ ಹಬ್ಬಗಳನ್ನೇ ನೋಡಿ. ದೀಪಾವಳಿ ಅಮಾವಾಸ್ಯೆಗೆ. ಯುಗಾದಿ ಅಮಾವಾಸ್ಯೆಯ ಮರುದಿನ. ಉತ್ತರ ಕರ್ನಾಟಕದ ಎಳ್ಳು ಅಮಾವಾಸ್ಯೆಯ ಹೆಸರಲ್ಲೇ ತಿಥಿ ಇದೆ. ಶಿವರಾತ್ರಿ ಅಮಾವಾಸ್ಯೆಯ ಹಿಂದಿನ ರಾತ್ರಿ, ಅದೂ ಜಾಗರಣೆಯ ರಾತ್ರಿ. ರಜೆ ಕೇಳಲು ಕಾರಣವಿದೆ, ಎಚ್ಚರವಿರಲು ಕಾರಣವಿದೆ, ಆಕಾಶದಲ್ಲಿ ಚಂದ್ರನಿಲ್ಲ. ಇದಕ್ಕಿಂತ ಅನುಕೂಲ ಯಾವ ಟೂರ್ ಕಂಪನಿ ಒದಗಿಸೀತು? ನಮ್ಮ ಅಂಬರನಾಥದ ಶಿವಾಲಯ 1060ರ ಹೊತ್ತಿಗೆ, ಶಿಲಾಹಾರ ಅರಸ ಮುಮ್ಮುಣಿಯ ಕಾಲದಲ್ಲಿ ಕಟ್ಟಿ ಮುಗಿಸಿದ್ದು. ಮಂಟಪದಿಂದ ಇಪ್ಪತ್ತರಷ್ಟು ಮೆಟ್ಟಿಲಿಳಿದರೆ ಗರ್ಭಗುಡಿ. ಅದರ ಮೇಲಿನ ಶಿಖರ ಅರ್ಧಕ್ಕೇ ನಿಂತಿರುವುದರಿಂದ ತಲೆಯೆತ್ತಿದರೆ ನೇರ ಆಕಾಶ. ಶಿವರಾತ್ರಿಯ ಜಾತ್ರೆಯಲ್ಲಿ ತೊಟ್ಟಿಲು, ಮಿಠಾಯಿ ಅಂಗಡಿ, ಸೀರಿಯಲ್ ದೀಪಗಳ ನಡುವೆ ಆ ಆಕಾಶದಲ್ಲಿ ಒಂದೆರಡು ಚುಕ್ಕಿ ಸಿಕ್ಕರೆ ಹೆಚ್ಚು. ಅದೇ ರಾತ್ರಿ ದರ್ಶನ ಮುಗಿಸಿ ಘಟ್ಟದ ಮೇಲೊಂದು ಹಳ್ಳಿ ಸೇರಿಕೊಂಡವರಿಗೆ ನಸುಕಿನ ಎರಡೂವರೆಗೆ ದಕ್ಷಿಣದಲ್ಲಿ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಂತಿರುತ್ತದೆ. ಐದು ಗಂಟೆಗೆ ವೃಶ್ಚಿಕ, ಧನು ರಾಶಿಗಳ ಜೊತೆ ಆಕಾಶಗಂಗೆಯ ದಟ್ಟವಾದ ಭಾಗವೇ ಆಗ್ನೇಯದಲ್ಲಿ ಎದ್ದಿರುತ್ತದೆ.

ಎರಡನೆಯದು ಋತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕೊಂಕಣದಲ್ಲಿ ಆಕಾಶವೆಂಬುದೇ ಇಲ್ಲ, ಇರುವುದು ಮೋಡ. ಆಗಸ್ಟ್ 12-13ರ ಸುಮಾರಿಗೆ ಪರ್ಸೀಡ್ ಉಲ್ಕಾವರ್ಷ ನೋಡಿರೆಂದು ಮೊಬೈಲಿನಲ್ಲಿ ಸಂದೇಶಗಳು ಹರಿದಾಡುತ್ತವೆ. ಅವು ಯುರೋಪಿನವರಿಗೆ ಹೇಳಿ ಬರೆದವು, ಮಾಳಶೇಜ್ ಘಾಟಿನ ಮಳೆಯಲ್ಲಿ ನೆನೆಯುವವರಿಗಲ್ಲ. ನಮಗೆ ದಕ್ಕುವುದು ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾವರ್ಷ, ಅದೂ ಆ ವರ್ಷ ಚಂದ್ರ ಅಡ್ಡ ಬಾರದಿದ್ದರೆ.

ಮಳೆ ತೊಳೆದುಹೋದ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಗಾಳಿ ತಿಳಿಯಾಗಿರುತ್ತದೆ. ಕತ್ತಲಾದ ಕೂಡಲೇ ನೈಋತ್ಯದಲ್ಲಿ ಧನು ರಾಶಿಯ ಕಡೆಯ ಆಕಾಶಗಂಗೆ ಇಳಿಯುತ್ತಿರುತ್ತದೆ. ತಡಮಾಡಿ ಊಟಕ್ಕೆ ಕೂತರೆ ಅದು ಹೋಯಿತೆಂದೇ ತಿಳಿಯಿರಿ. ಡಿಸೆಂಬರ್, ಜನವರಿಯಲ್ಲಿ ಕೃತ್ತಿಕೆ, ರೋಹಿಣಿ, ಮಹಾವ್ಯಾಧ, ಲುಬ್ಧಕ. ಕಲಿಯುವವರಿಗೆ ಇದೇ ಒಳ್ಳೆಯ ಕಾಲ, ಪ್ರಖರ ನಕ್ಷತ್ರಗಳೆಲ್ಲ ಒಂದೇ ಕಡೆ ಗುಂಪುಗೂಡಿರುತ್ತವೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ನಡುರಾತ್ರಿಯ ನಂತರ ಆಕಾಶಗಂಗೆ. ಆದರೆ ಮೇ ತಿಂಗಳಲ್ಲಿ ಕರಾವಳಿಯ ತೇವ, ಒಳನಾಡಿನ ಧೂಳು, ಮಧ್ಯಾಹ್ನದ ಮೋಡಗಳು ಒಟ್ಟಿಗೆ ಕಾಟ ಕೊಡುತ್ತವೆ. ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಆಗಲೇ ಎಂಬುದು ನಮ್ಮ ದುರದೃಷ್ಟ. ಶಾಲೆಯ ದೀಪಾವಳಿ ರಜೆಯನ್ನು ಬಳಸಿಕೊಂಡವರು ಜಾಣರು.

ಮೂರನೆಯದು ದಿಕ್ಕು. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಎಷ್ಟು ಕಿಲೋಮೀಟರ್ ದೂರ ಹೋದೆವು ಎಂಬುದಕ್ಕಿಂತ ಬೆಳಕಿನ ಗುಮ್ಮಟ ನಮ್ಮ ಯಾವ ಕಡೆಗೆ ಉಳಿಯಿತು ಎಂಬುದು ಮುಖ್ಯ. ಅಂಬರನಾಥದಿಂದ ನೋಡಿದರೆ ಪಶ್ಚಿಮಕ್ಕೆ, ವಾಯವ್ಯಕ್ಕೆ ಉಲ್ಲಾಸನಗರ, ಕಲ್ಯಾಣ, ಡೊಂಬಿವಲಿ, ಠಾಣೆ. ನೈಋತ್ಯಕ್ಕೆ ನವಿ ಮುಂಬಯಿ, ಪನ್ವೇಲ್. ಪೂರ್ವಕ್ಕೆ ಮಾತ್ರ ಮುರಬಾಡದ ಕಾಡು, ಅದರಾಚೆ ಸಹ್ಯಾದ್ರಿಯ ಗೋಡೆ. ಆದ್ದರಿಂದ ಪೂರ್ವಕ್ಕೆ ಹೋಗಿ, ಅಲ್ಲಿ ಪೂರ್ವ, ಆಗ್ನೇಯಗಳನ್ನು ನೋಡಿ, ಮುಂಬಯಿಯನ್ನು ಬೆನ್ನಿಗಿಟ್ಟುಕೊಳ್ಳಿ.

ಮಾಥೇರಾನನ್ನೇ ತೆಗೆದುಕೊಳ್ಳಿ. ಕಾರು, ಬೈಕುಗಳಿಗೆ ಪ್ರವೇಶವಿಲ್ಲದ ಊರು, ಮರಗಳ ನೆರಳು, ಪುಟಾಣಿ ರೈಲು. ಕತ್ತಲೆ ಗ್ಯಾರಂಟಿ ಎನಿಸುತ್ತದೆ. ಆದರೆ ಪಶ್ಚಿಮದ ಪಾಯಿಂಟಿನಲ್ಲಿ ನಿಂತರೆ ಕೆಳಗಿನ ಬಯಲು ಪನ್ವೇಲಿನವರೆಗೆ ಝಗಝಗಿಸುತ್ತದೆ. ನಗರದ ದೀಪ ನೋಡಲು ಅದು ಒಳ್ಳೆಯ ಜಾಗ, ನಕ್ಷತ್ರ ನೋಡಲಲ್ಲ. ಮಾಥೇರಾನಿಗೇ ಹೋಗುವುದಾದರೆ ಪೂರ್ವದ ಅಂಚು ಹುಡುಕಿಕೊಳ್ಳಿ.

ಹತ್ತಿರದ ಜಾಗ ಕೇಳಿದರೆ ನಾನು ಹೇಳುವುದು ವಾಂಗಣಿ. ಅಂಬರನಾಥದಿಂದ ಬದಲಾಪುರ ದಾಟಿದರೆ ಅದೇ ಮುಂದಿನ ಸ್ಟೇಷನ್. ಹ್ಯಾಲಿ ಧೂಮಕೇತು ಬಂದ 1985-86ರ ಹೊತ್ತಿನಲ್ಲಿ ಮುಂಬಯಿಯಲ್ಲಿ ಹುಟ್ಟಿದ ಖಗೋಲ ಮಂಡಳ ಎಂಬ ಹವ್ಯಾಸಿಗಳ ಸಂಘ ಇಲ್ಲಿ ರಾತ್ರಿಯಿಡೀ ಆಕಾಶದರ್ಶನ ನಡೆಸುತ್ತ ಬಂದಿದೆ. ಅಂಥ ಒಂದು ಶನಿವಾರ ಸಂಜೆ ಕರ್ಜತ್ ಲೋಕಲ್ ವಾಂಗಣಿಯಲ್ಲಿ ನಿಂತಾಗ ಇಳಿಯುವವರನ್ನು ನೋಡಬೇಕು. ಆಫೀಸಿನಿಂದ ಮನೆಗೆ ಮರಳುವವರ ನಡುವೆ ಚಾಪೆ ಸುರುಳಿ ಸುತ್ತಿಕೊಂಡವರು, ಕಿವಿಗೆ ಮಫ್ಲರ್ ಕಟ್ಟಿದ ಅಜ್ಜ, ಬಿಸ್ಕತ್ತಿನ ಪೊಟ್ಟಣ ಅವುಚಿಕೊಂಡ ಮಗು, ದೂರದರ್ಶಕದ ಉದ್ದನೆಯ ಕೊಳವೆಯನ್ನು ಹೆಗಲ ಮೇಲೆ ಹೊತ್ತ ಇಬ್ಬರು ಹುಡುಗರು. ಬಯಲಲ್ಲಿ ತಾಡಪತ್ರಿ ಹಾಸಿ ಎಲ್ಲರೂ ಅಂಗಾತ ಮಲಗುತ್ತಾರೆ. ಟಾರ್ಚುಗಳ ಬಾಯಿಗೆ ಕೆಂಪು ಜಿಲೆಟಿನ್ ಕಾಗದ. ಯಾರಾದರೂ ಮೊಬೈಲು ತೆರೆದರೆ ಸುತ್ತಲಿಂದ "ಲೈಟ್ ಬಂದ್ ಕರಾ" ಎಂಬ ಕೂಗು. ಒಬ್ಬರು ಹಸಿರು ಲೇಸರಿನಿಂದ ಗೆರೆ ಎಳೆದು ಮರಾಠಿಯಲ್ಲಿ ನಕ್ಷತ್ರಪುಂಜ ತೋರಿಸುತ್ತಾರೆ. ನಮ್ಮ ಕನ್ನಡದ ಮಕ್ಕಳಿಗೆ ಮರಾಠಿ ಮನೆಮಾತಿನಷ್ಟೇ ಬರುತ್ತದೆ, ತೊಂದರೆಯಿಲ್ಲ. ಬೆಳಗಿನ ಲೋಕಲ್‌ಗೆ ಮನೆ. ವಾಂಗಣಿಯಲ್ಲೂ ಈಗ ಕಟ್ಟಡಗಳು ಏಳುತ್ತಿವೆ, ಅಲ್ಲಿನ ಆಕಾಶ ಮುಂಚಿನಷ್ಟು ಕಪ್ಪಿಲ್ಲ. ಆದರೂ ಹೊಸಬರು ಹೆಸರುಗಳನ್ನು ಕಲಿಯಲು ಇಂಥ ಒಂದು ರಾತ್ರಿ ಬೇಕೇ ಬೇಕು. ಕಲಿಯದೆ ಒಮ್ಮೆಲೇ ಕಗ್ಗತ್ತಲೆಗೆ ಹೋದರೆ ಸಾವಿರಾರು ಚುಕ್ಕಿಗಳ ನಡುವೆ ಸಪ್ತರ್ಷಿಯೂ ಸಿಗದೆ ಕಂಗಾಲಾಗುತ್ತೀರಿ. ಕನ್ನಡದಲ್ಲೇ ಓದಿಕೊಳ್ಳುವೆನೆಂದರೆ, ಮಡಿಕೇರಿಯಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆಸಿದ್ದ ಜಿ.ಟಿ. ನಾರಾಯಣರಾಯರು ನಕ್ಷತ್ರಗಳ ಬಗ್ಗೆ ಬರೆದದ್ದು ಈಗಲೂ ಕೈಹಿಡಿದು ನಡೆಸುತ್ತದೆ.

ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಕಲ್ಯಾಣ-ಮುರಬಾಡ ರಸ್ತೆ ಹಿಡಿದು ಮಾಳಶೇಜ್ ಘಾಟಿ ಹತ್ತಿ ಜುನ್ನರ್ ಸೀಮೆ ಸೇರಬಹುದು. ಸಹ್ಯಾದ್ರಿಯ ಗೋಡೆ ನಮ್ಮ ಕಡೆಯ ಬೆಳಕಿಗೆ ಪರದೆಯಾಗುತ್ತದೆ, ಕೊಂಕಣದ ತೇವವೂ ಕಡಿಮೆ. ಪುಣೆಯ ಬೆಳಕು ದಕ್ಷಿಣದ ಅಂಚಿನಲ್ಲಿ ಒಂದಿಷ್ಟು ಇದ್ದೇ ಇರುತ್ತದೆ, ಅದನ್ನು ಸಹಿಸಿಕೊಳ್ಳಬೇಕು. ಆದರೆ ಒಂದು ಎಚ್ಚರಿಕೆ. ಜುನ್ನರ್ ತಾಲ್ಲೂಕಿನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳಿವೆ. ಅಲ್ಲಿನ ಮಾಣಿಕಡೋಹದಲ್ಲಿ ಚಿರತೆಗಳಿಗೆಂದೇ ಒಂದು ರಕ್ಷಣಾ ಕೇಂದ್ರವಿದೆ. ಚೆನ್ನಾಗಿ ಕತ್ತಲಿದೆ ಎಂದು ಗದ್ದೆಯ ಬದುವಿನ ಮೇಲೆ ಮಕ್ಕಳನ್ನು ಮಲಗಿಸಬೇಡಿ. ಉಳಿದುಕೊಂಡ ಮನೆಯ ತಾರಸಿಯೇ ಸಾಕು, ದೊಡ್ಡವರೊಬ್ಬರು ಎಚ್ಚರವಿರಲಿ.

ಊರು ಆರಿಸಿದ ಮೇಲೆ ಉಳಿಯುವ ಜಾಗಕ್ಕೆ ಫೋನು ಮಾಡುತ್ತೀರಲ್ಲ, ಆಗ ಊಟದಲ್ಲಿ ಏನೇನಿದೆ ಎಂದು ಕೇಳುವ ಮುಂಚೆ ಬೇರೆ ನಾಲ್ಕು ಮಾತು ಕೇಳಿ. ಅಂಗಳದ ದೀಪಗಳನ್ನು ರಾತ್ರಿ ಒಂಬತ್ತರ ಮೇಲೆ ಆರಿಸುತ್ತೀರಾ? ತಾರಸಿಗೆ ಹೋಗಲು ಬಿಡುತ್ತೀರಾ? ದಕ್ಷಿಣಕ್ಕೆ ಗುಡ್ಡ ಅಡ್ಡ ಇದೆಯಾ, ಬಯಲಿದೆಯಾ? ಪಕ್ಕದಲ್ಲಿ ಪೆಟ್ರೋಲ್ ಪಂಪು, ಮದುವೆಯ ಲಾನು ಇದೆಯಾ? ಲೋಣಾವಳದ ಪವನಾ ಕೆರೆಯ ಸುತ್ತ ತಾರೆಗಳ ಕೆಳಗೆ ಟೆಂಟು ಎಂಬ ಜಾಹೀರಾತು ಓದಿ ಹೋದವರಿಗೆ ಸಿಗುವುದು ಬಹುಪಾಲು ಕ್ಯಾಂಪ್‌ಫೈರ್, ಸ್ಪೀಕರು, ಮರದಿಂದ ಮರಕ್ಕೆ ಇಳಿಬಿಟ್ಟ ಬಣ್ಣದ ಬಲ್ಬು. ಆ ಮೋಜೂ ಬೇಕು ಎನ್ನುವವರಿಗೆ ಅಡ್ಡಿಯಿಲ್ಲ. ಆದರೆ ಅದನ್ನು ನಕ್ಷತ್ರದ ಖಾತೆಗೆ ಬರೆಯಬೇಡಿ.

ಹೋದ ಜಾಗ ಹೇಗಿದೆಯೆಂದು ಪರೀಕ್ಷಿಸಲು ಯಂತ್ರ ಬೇಡ. ಮದುವೆಯ ಹಾಲ್‌ನಲ್ಲಿ ಪುರೋಹಿತರು ಹಾಡಹಗಲೇ ಕಿಟಕಿಯತ್ತ ಕೈಮಾಡಿ ಅರುಂಧತಿಯನ್ನು ತೋರಿಸುತ್ತಾರೆ, ವಧೂವರರು ಕಂಡಿತೆಂದು ತಲೆಯಾಡಿಸುತ್ತಾರೆ. ಅದನ್ನು ನಿಜವಾಗಿ ನೋಡಿ. ಸಪ್ತರ್ಷಿಮಂಡಲದ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಎರಡನೆಯ ಕಾಂತಿಮಾನದ್ದು. ಅದಕ್ಕೆ ಅಂಟಿದಂತಿರುವ ಅರುಂಧತಿ ನಾಲ್ಕನೆಯದು. ಬೇಸಿಗೆಯ ಸಂಜೆ ಅದು ತಡಕಾಡದೆ ಕಂಡರೆ ಆಕಾಶ ಪರವಾಗಿಲ್ಲ. ಚಳಿಗಾಲದಲ್ಲಾದರೆ ಕೃತ್ತಿಕೆಯನ್ನು ಎಣಿಸಿ. ಅಂಬರನಾಥದಲ್ಲಿ ಅದೊಂದು ಮಬ್ಬು ಕಲೆ. ಆರು ನಕ್ಷತ್ರ ಬಿಡಿಬಿಡಿಯಾಗಿ ಕಂಡರೆ ಬಂದ ಖರ್ಚು ವಸೂಲಾಯಿತು.

ಇನ್ನು ದೂರದ ಊರುಗಳು. ನಮ್ಮ ಮಹಾರಾಷ್ಟ್ರದಲ್ಲೇ, ನಾಗಪುರದ ಬಳಿಯ ಪೆಂಚ್ ಹುಲಿ ಅಭಯಾರಣ್ಯ 2024ರ ಜನವರಿಯಲ್ಲಿ ಭಾರತದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ಪಡೆಯಿತು. ಕಾಡಿನ ಅಂಚಿನ ಹಳ್ಳಿಗಳ ಬೀದಿದೀಪಗಳನ್ನು ನೆಲದ ಕಡೆಗಷ್ಟೇ ಬೆಳಕು ಬೀಳುವಂತೆ ಬದಲಿಸಿ ಗಳಿಸಿದ ಮಾನ್ಯತೆ ಅದು. ಕಲ್ಯಾಣದಿಂದ ರಾತ್ರಿ ಗಾಡಿ ಹತ್ತಿದರೆ ಬೆಳಿಗ್ಗೆ ನಾಗಪುರ. ಹುಲಿ ಕಾಣದಿದ್ದರೂ ಮಹಾವ್ಯಾಧ ಕಾಣುತ್ತಾನೆ.

ಲಡಾಖಿನ ಹಾನ್ಲೆಯ ಕತೆ ಇನ್ನೂ ದೊಡ್ಡದು. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವವರು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ ಅದನ್ನು ತಿರುಗಿಸುತ್ತಾರೆ. 2022ರ ಡಿಸೆಂಬರಿನಲ್ಲಿ ಅದರ ಸುತ್ತಲಿನ 1,073 ಚದರ ಕಿಲೋಮೀಟರನ್ನು ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಳ್ಳಿಯ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು ತರಬೇತಿ ಮಾಡಿದ್ದಾರೆ. ಪ್ರವಾಸಿಗರಿಗೆ ಆಕಾಶ ತೋರಿಸುವುದೇ ಅವರಿಗೆ ಸಂಪಾದನೆ. ಹೋಗಬಲ್ಲವರು ಹೋಗಿ ಬನ್ನಿ. ಅನುಮತಿ ಪತ್ರ ಮಾಡಿಸಿಕೊಳ್ಳಿ, ಲೇಹದಲ್ಲಿ ಕೆಲವು ದಿನ ತಂಗಿ ದೇಹವನ್ನು ಒಗ್ಗಿಸಿಕೊಳ್ಳಿ. ಉಸಿರಾಟದ ತೊಂದರೆ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹೊರಡಬೇಡಿ.

ಆದರೆ ಹಾನ್ಲೆಯ ಹೆಸರಿನ ಮುಂದೆ ನಮ್ಮ ಊರಿನ ಬೆಲೆ ಮರೆಯಬಾರದು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಮೇಲಿದೆಯೋ ಅದೇ ಆ ಊರಿನ ಅಕ್ಷಾಂಶ. ಹಾನ್ಲೆಯಲ್ಲಿ ಅದು ಸುಮಾರು 33 ಡಿಗ್ರಿ, ಅಂಬರನಾಥದಲ್ಲಿ 19, ಉಡುಪಿಯಲ್ಲಿ 13. ಧ್ರುವ ತಗ್ಗಿದಷ್ಟೂ ದಕ್ಷಿಣದ ಆಕಾಶ ಮೇಲೇಳುತ್ತದೆ. ತ್ರಿಶಂಕು ಹಾನ್ಲೆಯ ಬೆಟ್ಟಗಳ ಮೇಲೆ ಏಳುವುದೇ ಇಲ್ಲ. ಅಗಸ್ತ್ಯ ನಕ್ಷತ್ರ ಅಲ್ಲಿ ಹೆಚ್ಚೆಂದರೆ ನಾಲ್ಕೈದು ಡಿಗ್ರಿ ಏರಿ ಮರೆಯಾಗುತ್ತದೆ. ಅದೇ ಅಗಸ್ತ್ಯ ಅಂಬರನಾಥದಲ್ಲಿ 18 ಡಿಗ್ರಿ, ಉಡುಪಿಯಲ್ಲಿ 24 ಡಿಗ್ರಿ ಏರುತ್ತದೆ. ಮೇ ತಿಂಗಳ ಮಧ್ಯದಲ್ಲಿ ಕುಂದಾಪುರ, ಕಾರ್ಕಳದ ಕಡೆ ಊರಿಗೆ ಹೋಗುವವರು ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಲಿ. ತೆಂಗಿನ ಮರಗಳು ಅಡ್ಡವಿಲ್ಲದಿದ್ದರೆ ತ್ರಿಶಂಕು 17 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಯುರೋಪಿನವರು ಇದನ್ನು ನೋಡಲು ವಿಮಾನ ಹತ್ತಬೇಕು. ನಮಗೆ ಕೊಂಕಣ ರೈಲ್ವೆಯ ಟಿಕೆಟ್ ಸಾಕು.

ಹೀಗೆ ಬಂದು ಮುಟ್ಟಿದೆವು ನಾಲ್ಕನೆಯದಕ್ಕೆ, ಅಂದರೆ ಊರಿಗೆ. ನನ್ನ ಮಟ್ಟಿಗೆ ಇದರ ಉತ್ತರ ಬಹಳಷ್ಟು ಕನ್ನಡಿಗರಿಗೆ ಮೊದಲೇ ಸಿದ್ಧವಿದೆ. ಕಲ್ಯಾಣ, ಉಲ್ಲಾಸನಗರ, ಅಂಬರನಾಥದಲ್ಲಿ ದುಡಿಯಲು ಬಂದ ವಿಜಯಪುರ, ಕಲಬುರಗಿ, ಅಕ್ಕಲಕೋಟೆ, ಜತ್ತದ ಮಂದಿ ಕಡಿಮೆಯಿಲ್ಲ. ಅವರ ಊರುಗಳು ಒಣ ಬಯಲಿನವು. ಮಳೆ ಕಡಿಮೆ, ಬೆಟ್ಟ ಅಡ್ಡವಿಲ್ಲ, ದೊಡ್ಡ ನಗರ ದೂರ. ಡಿಸೆಂಬರ್ ಜನವರಿಯ ನಡುವೆ ಬರುವ ಎಳ್ಳು ಅಮಾವಾಸ್ಯೆಗೆ ಅವರೆಲ್ಲ ಊರಿಗೆ ಹೋಗುವುದೂ ವಾಡಿಕೆ. ಇಂಥ ಒಂದು ಹಬ್ಬಕ್ಕೆ ಪರಿಚಯದ ಕುಟುಂಬವೊಂದರ ಜೊತೆ ಇಂಡಿ ತಾಲ್ಲೂಕಿನ ಹೊಲಕ್ಕೆ ನಾನೂ ಹೋಗಿದ್ದೆ. ಎದೆಯೆತ್ತರದ ಬಿಳಿಜೋಳ. ಚರಗ ಚೆಲ್ಲಿ, ಬನ್ನಿಮರದ ಬುಡದಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ, ಬಾನ. ಸಂಜೆಯಾಗುತ್ತಲೇ ಉಳಿದವರು ಬುತ್ತಿಗಂಟು ಕಟ್ಟಿ ಊರ ಕಡೆ ಹೊರಟರು. ನಾವು ಕೆಲವರು, ಮುಂಬಯಿಯ ಮಕ್ಕಳೊಂದಿಗೆ, ಅಲ್ಲೇ ಕಂಬಳಿ ಹೊದ್ದು ಕೂತೆವು.

ಪಂಪ್‌ಸೆಟ್ಟಿನ ಗುಡಿಸಲ ಬಾಗಿಲಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿತ್ತು. ಅದನ್ನು ಆರಿಸಿ ಅಂದೆ. ಮನೆಯ ಹಿರಿಯರು ನಕ್ಕರು. "ಹಾವು ಹಪ್ಪಡಿ ಬಂದೀತಂತ ಹಚ್ಚೀವ್ರೀ, ಆತು, ಸ್ವಲ್ಪ ಹೊತ್ತು ಆರಸೋಣ" ಎಂದರು. ಬಲ್ಬು ಆರಿತು. ಮೊದಲ ಐದು ನಿಮಿಷ ಏನೂ ವಿಶೇಷವಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಷ್ಟಾದ ಮೇಲೆ ಅಂಬರನಾಥದ ಶಾಲೆಯಲ್ಲಿ ಓದುವ ಮೊಮ್ಮಗ ಕೇಳಿದ: "ಅಜ್ಜಾ, ನಡೂ ಮೋಡ ಬಂತಲ್ಲ?" ಅಜ್ಜ ತಲೆಯೆತ್ತಿ ನೋಡಿ, "ಮೋಡ ಅಲ್ಲೋ ತಮ್ಮಾ. ಮೋಡ ಆಗಿದ್ರ ಇಷ್ಟೊತ್ತಿಗೆ ಸರಿದು ಹೋಗತಿತ್ತು. ಅದು ಆಕಾಶಗಂಗಿ" ಎಂದರು. ಚಳಿಗಾಲದ ಆಕಾಶಗಂಗೆ ತೆಳುವಾದದ್ದು, ನಗರದ ಸುತ್ತಮುತ್ತ ಅದು ಕಾಣುವ ಪ್ರಶ್ನೆಯೇ ಇಲ್ಲ. ವಾಯವ್ಯದಲ್ಲಿ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಒಂದು ಮಸುಕು ಚುಕ್ಕೆಯಾಗಿ ಸಿಕ್ಕಿತು. 25 ಲಕ್ಷ ವರ್ಷ ಹಿಂದೆ ಹೊರಟ ಬೆಳಕು ಎಂದಾಗ ಹುಡುಗ ನನ್ನ ಮುಖ ನೋಡಿದ, ನಂಬಲಿಲ್ಲ. ಒಂಬತ್ತೂವರೆಯ ಹೊತ್ತಿಗೆ ಜೋಳದ ತೆನೆಗಳ ಮೇಲೆ, ಆಗ್ನೇಯಕ್ಕೂ ದಕ್ಷಿಣಕ್ಕೂ ನಡುವೆ, ಅಗಸ್ತ್ಯ ಮೂಡಿದ್ದ. ಅಜ್ಜನಿಗೆ ಆ ನಕ್ಷತ್ರದ ಪರಿಚಯ ಇತ್ತು. ಮೊಮ್ಮಗನಿಗೆ ಅದನ್ನು ತೋರಿಸುವ ಸಂದರ್ಭ ಮಾತ್ರ ಇದುವರೆಗೆ ಬಂದಿರಲಿಲ್ಲ. ಹಬ್ಬಕ್ಕೆ ಬಂದ ಮೊಮ್ಮಕ್ಕಳು ಸಂಜೆ ಏಳಕ್ಕೆಲ್ಲ ಟಿವಿಯ ಮುಂದೆ ಇರುತ್ತಿದ್ದರು.

ಕೈಯಲ್ಲಿ ಏನೇನಿರಬೇಕು? ದೂರದರ್ಶಕ ಕೊಳ್ಳಲು ಓಡಬೇಡಿ. 7×50 ಅಥವಾ 10×50 ಅಳತೆಯ ಒಂದು ಬೈನಾಕ್ಯುಲರ್ ಸಾಕು, ಅದಿಲ್ಲದಿದ್ದರೂ ನಡೆಯುತ್ತದೆ. ಚಾಪೆ, ಕಂಬಳಿ, ಟೋಪಿ, ಟಾರ್ಚಿಗೆ ಕೆಂಪು ಕಾಗದ. ಮೊಬೈಲಿನಲ್ಲಿ ನಕ್ಷತ್ರಪಟದ ಆ್ಯಪ್ ಇದ್ದರೆ ಅದನ್ನು ರಾತ್ರಿಯ ಕೆಂಪು ಬಣ್ಣಕ್ಕೆ ತಿರುಗಿಸಿಡಿ. ಬೆಳಕಿನ ಮಾಲಿನ್ಯದ ನಕ್ಷೆಗಳೂ ಮೊಬೈಲಿನಲ್ಲೇ ಸಿಗುತ್ತವೆ. ಉಪಗ್ರಹ ಕಂಡ ದೀಪಗಳ ಲೆಕ್ಕದಲ್ಲಿ ಮಾಡಿದವು, ನಿಮ್ಮ ಊರು ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. ಗೋಡೆಯ ಮೇಲಿನ ಕಾಲನಿರ್ಣಯ ಕ್ಯಾಲೆಂಡರ್ ತೆಗೆದು ಮುಂದಿನ ಅಮಾವಾಸ್ಯೆಗಳ ಸುತ್ತ ಪೆನ್ನಿನಿಂದ ಗೆರೆ ಹಾಕಿ. ರೈಲ್ವೆ ರಿಸರ್ವೇಶನ್ ಈಗ 60 ದಿನ ಮುಂಚೆ ತೆರೆಯುತ್ತದೆ. ಅಷ್ಟರೊಳಗೆ ತಿಥಿ ಗೊತ್ತಿದ್ದರೆ ಊರಿನ ಬಗ್ಗೆ ಮನೆಮಂದಿ ಬೇಕಷ್ಟು ಜಗಳವಾಡಬಹುದು.

ಕೊನೆಯದಾಗಿ ಒಂದು ಮಾತು, ಇದು ನಮ್ಮವರಿಗೇ ಹೇಳಬೇಕಾದ್ದು. ವಿಜಯಪುರದ ಕಡೆಯ ಬಯಲಿನ ಊರುಗಳಲ್ಲೂ, ಕರಾವಳಿಯ ಊರುಗಳಲ್ಲೂ ಈಗ ಕತ್ತಲೆ ಕರಗುತ್ತಿದೆ. ಗುಡಿಯ ಮುಂದೆ, ಬಸ್‌ಸ್ಟ್ಯಾಂಡಿನ ಮುಂದೆ, ದೈವಸ್ಥಾನದ ಅಂಗಳದಲ್ಲಿ ಹೈಮಾಸ್ಟ್ ದೀಪದ ಕಂಬ ನಿಂತಿದೆ. ಕಂಬದ ಬುಡದ ಕಲ್ಲಿನ ಮೇಲೆ ದಾನಿಗಳ ಹೆಸರಿನ ಪಕ್ಕ 'ಮುಂಬಯಿ' ಎಂದು ಕೆತ್ತಿರುವುದನ್ನು ನೀವೂ ನೋಡಿರುತ್ತೀರಿ. ಊರಿಗೆ ಬೆಳಕು ಕೊಡುವುದು ಒಳ್ಳೆಯ ಕೆಲಸವೇ. ಕತ್ತಲಲ್ಲಿ ನಡೆದು ಹಾವು ತುಳಿದವರಿಗೆ, ಸಂಜೆಯ ಬಸ್ಸಿಳಿದು ಒಬ್ಬಳೇ ಮನೆಗೆ ಹೋಗುವ ಹುಡುಗಿಗೆ ಅದರ ಬೆಲೆ ಗೊತ್ತು. ಅವರಿಗೆ ಬೇಕಾದ ಬೆಳಕು ನೆಲದ ಮೇಲಿನದು. ದೀಪದ ತಲೆಯ ಮೇಲೊಂದು ಮುಚ್ಚಳ, ಬಿಳಿಗೆ ಬದಲು ಹಳದಿ ಬಣ್ಣ, ಊರು ಮಲಗಿದ ಮೇಲೆ ಆರಿಸಲು ಕೈಗೆಟಕುವ ಒಂದು ಸ್ವಿಚ್ಚು, ಇಷ್ಟು ಸೇರಿಸಿದರೆ ದಾರಿಯೂ ಕಾಣುತ್ತದೆ, ಆಕಾಶವೂ ಉಳಿಯುತ್ತದೆ. ಬೆಳಕನ್ನು ನೆಲಕ್ಕೆ ತಿರುಗಿಸುವ ಕೆಲಸವನ್ನೇ ಪೆಂಚ್‌ನಲ್ಲೂ ಮಾಡಿದ್ದು. ಮುಂದಿನ ಸಲ ಊರಿನ ಸಮಿತಿಯಿಂದ ದೀಪಕ್ಕೆ ಚಂದಾ ಕೇಳಿ ಫೋನು ಬಂದರೆ ಇಲ್ಲವೆನ್ನಬೇಡಿ, ಕೊಡಿ. ಮುಚ್ಚಳದ ದುಡ್ಡನ್ನೂ ಸೇರಿಸಿ ಕೊಡಿ, ಹಾಕಿಸಿದಿರಾ ಎಂದು ಹಬ್ಬಕ್ಕೆ ಹೋದಾಗ ಕೇಳಿ.